ಸೊನ್ನೆಯ ಮಾಡಿನ ಕೆಳಗೆ

ರೂವಿಯ ಬಸ್ ಸ್ಟ್ಯಾಂಡಿನ ಹಿಂದೆ, ಮೂರನೇ ಮಹಡಿ,
ರಾತ್ರಿ ಹನ್ನೊಂದೂವರೆ.
ಮೇಲಿನ ಮಂಚದಲ್ಲಿ ಕುಂದಾಪುರದ ಶೀನಣ್ಣನ ಗೊರಕೆ.
ಕಿವಿಗೆ ಹೆಡ್‌ಫೋನು ಸಿಕ್ಕಿಸಿ
ಎರಡು ತಿಂಗಳ ವಿಸಿಟ್ ವೀಸಾವನ್ನು
ಇಪ್ಪತ್ತು ನಿಮಿಷಕ್ಕೆ ಇಳಿಸುತ್ತಿದ್ದೇನೆ.

ನಲವತ್ತೊಂದು ತುಣುಕು.
ಚಿತ್ರದ್ದೇನೂ ತಕರಾರಿಲ್ಲ; ಮಸುಕಾದದ್ದು ಮಸುಕು,
ಅಲುಗಿದ್ದು ಅಲುಗಿದ್ದು.
ಸದ್ದಿನದ್ದೇ ರಗಳೆ.
ಒಂದರಲ್ಲಿ ಕಿವಿತಮಟೆ ಹರಿಯುವಷ್ಟು,
ಮುಂದಿನದರಲ್ಲಿ ಬಾವಿಯ ತಳದಿಂದ ಕರೆದ ಹಾಗೆ.
ಊರಲ್ಲಿ ನೋಡುವವರು ರಿಮೋಟ್ ಹಿಡಿದು
ಏರಿಸಿ ಇಳಿಸಿ ಹೆಬ್ಬೆರಳು ಸವೆಸಬೇಕು.

ಮೊದಲು ತಿಳಿದದ್ದು: ಇಲ್ಲಿ ಸೊನ್ನೆಯೇ ಮಾಡು.
ಮನುಷ್ಯ ಆಡಿದ್ದೆಲ್ಲ ಅದರ ಕೆಳಗೆ,
ಮೈನಸ್ ಆರು, ಮೈನಸ್ ಹನ್ನೆರಡು, ಮೈನಸ್ ಮೂವತ್ತು.
ಹೊರಗೆ ಈ ಹೊತ್ತಿಗೂ ಮೂವತ್ತೆಂಟು ಡಿಗ್ರಿ,
ಒಳಗೆ ನನ್ನ ಸಂಸಾರವೆಲ್ಲ ಸೊನ್ನೆಗಿಂತ ಕೆಳಗೆ.
ಮಾಡಿಗೆ ತಾಗಿದರೆ ಕೆಂಪು ದೀಪ,
ಅಲೆಯ ತಲೆ ಅಲ್ಲೇ ಚಪ್ಪಟೆ.

ಅತಿ ಗಟ್ಟಿ ಯಾರೆಂದು ಕೇಳುತ್ತೀರಾ?
ನಾನು. ಪ್ರತಿ ತುಣುಕಿನಲ್ಲೂ.
ಫೋನು ಹಿಡಿದವನು, ಮೈಕಿಗೆ ಗೇಣು ದೂರದ ಬಾಯಿ.
"ಈಚೆ ನೋಡಿ. ನಗಿ. ರಿಯೋನಾ, ಕೈ ಬೀಸು.
ಇದು ಮತ್ರಾ. ಅದು ಹಡಗು. ದೊಡ್ಡ ಹಡಗು."
ಹಡಗು ನೋಡುತ್ತಿರುವವರಿಗೆ ಹಡಗೆಂದು ಹೇಳುವ ಗೈಡು.
ದೂರದಲ್ಲಿ ಕಟಾಂಜನಕ್ಕೊರಗಿ ಜೆಸಿಂತಾ
ಏನೋ ಹೇಳುತ್ತಾಳೆ. ತುಟಿ ಕಾಣುತ್ತದೆ.

ಅವಳನ್ನು ಏರಿಸಿದೆ.
ಏರಿಸಿದರೆ ಅವಳೊಬ್ಬಳೇ ಏರುವುದಿಲ್ಲ ನೋಡಿ:
ಕಾರ್ನೀಶಿನ ಗಾಳಿ ಟಾರ್ಪಾಲು ಬಡಿದಂತೆ ಏರಿತು,
ಟ್ಯಾಕ್ಸಿಯ ಹಾರನ್ನು, ಯಾರದೋ ಮಗುವಿನ ಹಠ,
ನನ್ನದೇ ಉಸಿರು.
ಹತ್ತು ಡಿಬಿ ಕೊಟ್ಟೆ; ಕಡಲು ಪೂರ್ತಿ ಮೈಮೇಲೆ ಬಂತು,
ಅವಳ ಮಾತು ಅದರೊಳಗಿನ ಉಪ್ಪು.

ಸುಮ್ಮನೆ ಕುಳಿತೆ. ಚಹಾ ಆರಿತು.

ಹಗಲು ನನ್ನದು ಡಕ್ಟಿನ ಕೆಲಸ.
ಹೊಸ ಕಟ್ಟಡಕ್ಕೆ ಏಸಿ ಕೂರಿಸಿದ ಮೇಲೆ
ಕೋಣೆ ಕೋಣೆಗೂ ಹೋಗಿ ಗಾಳಿ ಅಳೆಯುವವನು.
ಯಂತ್ರದ ಹತ್ತಿರದ ಕೋಣೆಯಲ್ಲಿ ಕಾಗದ ಹಾರುತ್ತದೆ,
ಕೊನೆಯ ಕೋಣೆಯಲ್ಲಿ ಗುಮಾಸ್ತ ಬೆವರುತ್ತಾನೆ.
ಹೊಸ ಹುಡುಗರು ಫ್ಯಾನಿನ ವೇಗ ಹೆಚ್ಚಿಸುತ್ತಾರೆ.
ಬೈಯುತ್ತೇನೆ: ಮಾರಾಯ,
ದೂರದವನಿಗೆ ಗಾಳಿ ಬೇಕಾದರೆ
ಹತ್ತಿರದವನ ಡ್ಯಾಂಪರ್ ಅರ್ಧ ಮುಚ್ಚು.
ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ, ಇದನ್ನೇ.

ಹಾಗೆ ನನ್ನನ್ನು ಇಳಿಸುತ್ತಾ ಬಂದೆ.
ನಾನು ಬಾಯಿ ತೆರೆದಲ್ಲೆಲ್ಲ ಗೆರೆಯ ಮೇಲೊಂದು ಚುಕ್ಕಿ,
ಮುಚ್ಚಿದಲ್ಲಿ ಇನ್ನೊಂದು, ನಡುವಿನದನ್ನು ಕೆಳಗೆ ಎಳೆದು
ಗುಂಡಿ ತೋಡಿದ ಹಾಗೆ. ಅಂಚು ಮಾತ್ರ ಇಳಿಜಾರು:
ಕಡಿದಾಗಿ ಕೊಯ್ದರೆ ಗಾಳಿಯೂ ತಟ್ಟನೆ ನಿಂತು
ಅಲ್ಲೊಬ್ಬ ಇದ್ದನೆಂದು ಗೊತ್ತಾಗಿಬಿಡುತ್ತದೆ.
ಕೊನೆಗೆ ಎಲ್ಲವನ್ನೂ ಒಟ್ಟಿಗೆ ತುಸು ಎತ್ತಿದೆ.

ಹದಿನೇಳನೆಯದು. ಕುರಂನ ಪಾರ್ಕು.
"ಹಕ್ಕಿ, ಹಕ್ಕಿ, ಅಲ್ಲಿ" ಎಂಬ ನನ್ನ ಕಿರುಚಾಟ ಈಗ
ಪಕ್ಕದ ಮನೆಯ ರೇಡಿಯೋ.
ಅದರಡಿಯಿಂದ ಜೆಸಿಂತಾ, ಮಗಳಿಗೆ, ಕೊಂಕಣಿಯಲ್ಲಿ:
ಆ ಬೆಂಚಿಗೆ ನೆರಳಿದೆ, ಅಲ್ಲಿ ಕೂರುವ.
ಪಪ್ಪನಿಗೆ ಶೂ ಕಚ್ಚುತ್ತಿದೆ, ಹೇಗೆ ನಡೆಯುತ್ತಾರೆ ನೋಡು.
ಕೇಳಿದರೆ ಇಲ್ಲ ಅನ್ನುತ್ತಾರೆ.

ಹೌದು, ಕಚ್ಚುತ್ತಿತ್ತು. ಎಡಗಾಲಿನದು.
ಅವರು ಬರುತ್ತಾರೆಂದು ರಿಯಾಯಿತಿಯಲ್ಲಿ ಕೊಂಡದ್ದು.
ಯಾರಿಗೂ ಹೇಳಿರಲಿಲ್ಲ.
ಐದು ಸಲ ಹಿಂದೆ ತಿರುಗಿಸಿ ಕೇಳಿದೆ.

ಒಂದು ಮಾತ್ರ ಸರಿಹೋಗಲಿಲ್ಲ.
ಬಲೂನು ಒಡೆದಾಗ ರಿಯೋನಾ ಕೂಗಿದ್ದು.
ಅಲೆಯ ನೆತ್ತಿ ಸೊನ್ನೆಗೆ ಬಡಿದು ಕತ್ತರಿಸಿ ಹೋಗಿದೆ,
ಇಳಿಸಿದರೆ ಅದೇ ಒಡಕು, ಮೆಲ್ಲಗಿನ ಒಡಕು.
ಇರಲಿ. ಮಾಡಿಗೆ ತಲೆ ತಾಗಿಸಿಕೊಳ್ಳುವ ವಯಸ್ಸು.
ಕಿನ್ನಿಗೋಳಿಯಲ್ಲಿ ಅತ್ತೆ ಒಮ್ಮೆ ಬೆಚ್ಚಿಬೀಳಲಿ.

ಫೈಲು ಸೇವ್ ಆಗುತ್ತಿದೆ, ನೂರಕ್ಕೆ ಅರವತ್ತು.
ಹೆಡ್‌ಫೋನು ತೆಗೆದರೆ
ಶೀನಣ್ಣನ ಗೊರಕೆ ಮೈನಸ್ ಮೂರಾದರೂ ಇದ್ದೀತು.
"ಮಲಗಿದೆಯಾ" ಎಂದು ಬರೆದು ಅಳಿಸಿದೆ,
ಅಲ್ಲಿ ಈಗ ಮೂರು ಗಂಟೆ.
ಶೂ ಮಂಚದಡಿಯಲ್ಲಿದೆ. ಪಳಗಿದೆ, ಈಗ ಕಚ್ಚುವುದಿಲ್ಲ.
ಅದನ್ನು ಅವಳಿಗೆ ಹೇಳಬೇಕು.